ಮಡುವಿನೊಳಗಿನ ಗಾಳ

ಭೀಮೆಯ ಆಚೆ ದಂಡೆಯಲ್ಲಿ ಒಂದು ಬೋರ್ಡು, ಈಚೆ ದಂಡೆಯಲ್ಲಿ ಒಂದು ಬೋರ್ಡು. ಆಚೆಯದು ಮರಾಠಿ, ಈಚೆಯದು ಕನ್ನಡ. ಎರಡರಲ್ಲೂ ಇರುವುದು ಒಂದೇ ಮಾತು ಎಂದು ಎರಡೂ ಊರಿನವರು ನಂಬಿದ್ದರು, ಯಾಕೆಂದರೆ ಎರಡನ್ನೂ ಬರೆದವಳು ಸಗೀರಾ.

ಸಗೀರಾ ಚಡಚಣದಲ್ಲಿ ಹನಿ ನೀರಾವರಿ ಪೈಪಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ತವರು ಈಚೆ ದಂಡೆಯ ಊರು, ಅವಳ ತಾಯಿಯ ತವರು ಆಚೆ ದಂಡೆಯ ಊರು. ಸೋಲಾಪುರದ ಸಂಜೆ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದ್ದಳು. ಎರಡು ದಂಡೆಯವರೂ ಸೇರಿ ಮಡು ಉಳಿಸುವ ಸಮಿತಿ ಮಾಡಿದಾಗ, ಎರಡೂ ಕಡೆಯ ಮಾತು ಬಲ್ಲವಳು ಎಂದು ಅವಳನ್ನೇ ಕರೆದು ಕೂರಿಸಿದರು. ತಾನು ಇದಕ್ಕೆ ತಕ್ಕವಳಲ್ಲ ಎಂದು ಅವಳು ಹೇಳಿದ್ದಳು. ಅಂಗಡಿಯ ಬೀಗ ಹಾಕಿದ ಮೇಲೆ ಬಸ್‌ಸ್ಟ್ಯಾಂಡಿನವರೆಗೂ ಹೋಗಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಜಗ್ಗಿ ನೋಡುವ ಹೆಣ್ಣುಮಗಳು ಅವಳು.

ನದಿಗೆ ಅಡ್ಡ ಕಟ್ಟಿದ ಬಾಂದಾರದ ಕೆಳಗೆ, ಕರಿಗಲ್ಲುಗಳ ನಡುವೆ ಇತ್ತು ಆ ಮಡು. ಬೇಸಿಗೆಯಲ್ಲಿ ನದಿಯೆಲ್ಲ ಉಸುಕಾದ ಮೇಲೂ ಅಲ್ಲಿ ಮಾತ್ರ ನೀರು ನಿಲ್ಲುತ್ತಿತ್ತು. ಎರಡೂ ಊರಿನ ಕುಡಿಯುವ ನೀರಿನ ಬಾವಿಗಳು ಅದರ ಬಸಿನೀರನ್ನೇ ನಂಬಿದ್ದವು. ಹಿಂದೆಯೂ ಇಂಥ ಮಾತುಕತೆ ಆಗಿ ಮುರಿದುಬಿದ್ದಿತ್ತು. ಒಂದು ದಂಡೆಯವರು ನೇಮ ಮುರಿದರಂತೆ ಎಂಬ ಸುದ್ದಿ ಬಂದರೆ ಸಾಕು, ಇನ್ನೊಂದು ದಂಡೆಯವರು ಮೋಟಾರು ಹಚ್ಚಿಬಿಡುತ್ತಿದ್ದರು. ಆಮೇಲೆ ಇವರೂ ಹಚ್ಚುತ್ತಿದ್ದರು. ವಾರ ತುಂಬುವುದರೊಳಗೆ ಮಡು ಕೆಸರಾಗಿ, ಮಳೆ ಬರುವವರೆಗೆ ಎರಡೂ ಊರಿನವರು ಟ್ಯಾಂಕರಿನ ಹಿಂದೆ ಕೊಡ ಹಿಡಿದು ಓಡುತ್ತಿದ್ದರು. ಈ ಸಲ ಹಾಗಾಗಬಾರದು ಎಂದು ಬೋರ್ಡು ನೆಟ್ಟು, ಕಾವಲು ಇಟ್ಟು, ನೀರಿನ ಮಟ್ಟ ತಿಳಿಯಲಿ ಎಂದು ದೊಡ್ಡ ಕಲ್ಲಿಗೆ ಸುಣ್ಣದ ಗೆರೆ ಎಳೆದಿದ್ದರು.

ಅಂಗಡಿಗೆ ರಜೆ ಇದ್ದ ಒಂದು ದಿನ ಸಗೀರಾ ಗೆರೆ ನೋಡಲು ಬಂದಳು. ನೆತ್ತಿ ಸುಡುವ ಮಧ್ಯಾಹ್ನ. ಸುತ್ತಲಿನ ಕಬ್ಬಿನ ಗದ್ದೆಗಳ ಒಣಗರಿಯ ರವದಿ ಕೂಡ ಸಪ್ಪಳ ಮಾಡುತ್ತಿರಲಿಲ್ಲ. ನೀರು ಸರಿಯಾಗಿ ಗೆರೆಗೆ ತಾಗಿ ನಿಂತಿತ್ತು. ಹಿಂದಿನ ಸಲ ಬಂದಾಗಲೂ ಅಲ್ಲೇ ಇತ್ತು. ಅದಕ್ಕೂ ಹಿಂದಿನ ಸಲವೂ. ಇಂಥ ಬಿಸಿಲಿಗೆ ಬೆರಳಷ್ಟಾದರೂ ಇಳಿಯಬೇಕಿತ್ತಲ್ಲ ಎಂದುಕೊಂಡಳು. ಖುಷಿಯ ಸಂಗತಿಯೇ. ಆದರೂ ಯಾಕೋ ಖುಷಿಯಾಗಲಿಲ್ಲ.

ಜಾಲಿಗಿಡದ ನೆರಳಲ್ಲಿ ಬಂದಗಿಸಾಬ ಕೂತಿದ್ದ. ಈಚೆ ದಂಡೆಯ ಕಾವಲು ಅವನದು. ಮೊದಲು ಮೀನು ಹಿಡಿದು ಬದುಕುತ್ತಿದ್ದ ಮುದುಕ. ಹೋದ ತಿಂಗಳು ನೋಡಿದ್ದಕ್ಕಿಂತ ಅರ್ಧ ಆಗಿದ್ದ.

"ಯವ್ವಾ ಸಗೀರಾ, ಒಂದ ಮಾತ ಕೇಳಲ್ಯಾ?"

"ಕೇಳ್ರಿ ಕಾಕಾ."

"ಈ ಗಾಳ ಎಂದ ತಗೀಬೇಕು?"

"ಮಳಿ ಬರೂತನಾ ಅದಕ್ಕ ಕೈ ಹಚ್ಚಂಗಿಲ್ರಿ. ಮುಂದ ತಗೀತೇವಿ ಅಂದ್ರೂ ಆಚಿಯವ್ರನ್ನ ಕೇಳೇ ತಗೀಬೇಕು."

"ಅವ್ರನ್ಯಾಕ ಕೇಳಬೇಕು? ಗಾಳ ನಂದು."

ಸಗೀರಾಳಿಗೆ ನಗು ಬಂತು. "ನಿಮ್ಮದ ಹೆಂಗ ಆಗತೈತ್ರಿ? ಮ್ಯಾಲಿಂದ ಹರದ ಬಂದದ್ದು. ಪುಣೆದ್ದೂ ಇರತೈತಿ, ಪಂಢರಪುರದ್ದೂ ಇರತೈತಿ."

"ನನ್ನ ಗಾಳ ಪುಣೆದಿಂದ ಹರದ ಬಂತೇನು?" ಮುದುಕ ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದ. "ಚಡಚಣ ಸಂತ್ಯಾಗ ತಂದೇನವಾ ನಾ. ಹೆಂಗ ಕಲಸಾಕತ್ತಿ ನೋಡ ಮಾತ!"

ಬಿಸಿಲು ತಲೆಗೇರಿದೆ ಎಂದುಕೊಂಡು ಅವಳು ತನ್ನ ನೀರಿನ ಬಾಟಲಿ ಮುಂದೆ ಹಿಡಿದಳು. ಅವನು ತಗೊಳ್ಳಲಿಲ್ಲ. ಧ್ವನಿ ತಗ್ಗಿಸಿ ಹೇಳಿದ: "ಅದು ಜಗ್ಗಾಕತ್ತೈತಿ."

"ಹೌದ್ರಿ, ಜಗ್ಗೇ ಜಗ್ಗತೈತಿ. ಕಾಲಿಟ್ರ ಒಳಗ ಎಳಕೋತೈತಿ. ಅದಕ್ಕ ನೀವು ಇಳೀಬ್ಯಾಡ್ರಿ."

ಬಂದಗಿಸಾಬನ ಮುಖ ಬಿಳಿಚಿಕೊಂಡಿತು. "ಹಂಗಾದ್ರ ನಿನಗ ಗೊತ್ತೈತಿ," ಅಂದ. "ಗೊತ್ತಿದ್ದ ಬರದೀಯೇನು?"

ಅವನು ಅವಳ ಮೊಣಕೈ ಹಿಡಿದು ಗಿಡದ ಹಿಂದೆ ಕರೆದೊಯ್ದ. ಜಾಲಿಯ ಬೊಡ್ಡೆಗೆ ನೀಲಿ ನೈಲಾನ್ ಹಗ್ಗ ಕಟ್ಟಿತ್ತು. ಮಾರು ಮಾರಿಗೆ ಕೆಂಪು ಸೀರೆಯ ಚಿಂದಿ. ಚಿಂದಿಯ ಮೇಲೆ ಸಣ್ಣ ಬಿಳಿ ಹೂವು. ಹಗ್ಗ ಬೊಡ್ಡೆಯಿಂದ ಹೊರಟು, ಎಲ್ಲೂ ಜೋತು ಬೀಳದೆ, ತಂತಿಯಷ್ಟು ಬಿಗಿಯಾಗಿ ನೀರಿನೊಳಗೆ ಇಳಿದಿತ್ತು. ಹರಿವೇ ಇಲ್ಲದ ನೀರು. ಆದರೂ ಹಗ್ಗ ನಿಧಾನಕ್ಕೆ ಬಾಂದಾರದ ಕಡೆ ಸರಿಯಿತು, ನಿಂತಿತು, ಮತ್ತೆ ತಿರುಗಿ ಬಂತು. ಹಗ್ಗ ತಾಗಿದಲ್ಲಿ ಜಾಲಿಯ ತೊಗಟೆ ಸವೆದು ಒಳಗಿನ ಕಟ್ಟಿಗೆ ಕಾಣುತ್ತಿತ್ತು.

"ಇದೇನ್ರಿ ಇದು?"

"ಗಾಳ! ಮತ್ತ ಇಷ್ಟೊತ್ತ ನಾ ಏನ ಕೇಳಾಕತ್ತಿದ್ನಿ? ಚಿಂದಿ ನಮ್ಮಾಕಿ ಸೀರೀದು, ಹಗ್ಗ ಮಡುವಿನ ಅರ್ಧಕ್ಕೂ ಮುಟ್ಟಂಗಿಲ್ಲ. ಬೋರ್ಡ ನೆಡೂ ಹಿಂದಿನ ದಿನ ಹಾಕಿದ್ನಿ. ಇದ ಕಡೀದು, ಇನ್ನ ಮಳಿಗಾಲದತನಾ ಹಾಕೂದಿಲ್ಲ ಅಂತ. ಮುಂಜಾನಿ ಎಳಿಯಾಕ ಬಂದ್ರ ನಿಮ್ಮ ಬೋರ್ಡ ಎದ್ದ ನಿಂತಿತ್ತು."

ಸಗೀರಾ ತಿರುಗಿ ತನ್ನದೇ ಅಕ್ಷರಗಳನ್ನು ನೋಡಿದಳು. ಮಡುವಿಗೆ ಮೋಟಾರು ಹಚ್ಚಬಾರದು. ಮಡುವಿನಲ್ಲಿ ಮೀನು ಹಿಡಿಯಬಾರದು. ಮಡುವಿನೊಳಗಿನ ಗಾಳ ಯಾರೂ ತೆಗೆಯಬಾರದು.

ಮೂರನೆಯ ಸಾಲನ್ನು ಮತ್ತೊಮ್ಮೆ ಓದಿದಳು. ಮರಾಠಿಯಲ್ಲಿ ಗಾಳ ಎಂದರೆ ನೀರಿನ ತಳದ ಹೂಳು. ಹೂಳು ತೆಗೆಯುವ ನೆಪದಲ್ಲಿ ಉಸುಕು ತೋಡಿ ಒಯ್ಯುತ್ತಾರೆ, ತಳ ಒಡೆದು ನೀರು ನಿಲ್ಲುವುದಿಲ್ಲ ಎಂದು ಆಚೆಯವರು ಸೇರಿಸಿದ ಮಾತು ಅದು. ಅವಳ ತಾಯಿ ಹಿತ್ತಿಲ ಹೌದು, ಅಂದರೆ ನೀರಿನ ತೊಟ್ಟಿ, ತೊಳೆಯುವಾಗಲೂ "ಗಾಳ ತಗಿ" ಎಂದೇ ಹೇಳುತ್ತಿದ್ದಳು. ಆ ಮಾತನ್ನೇ ಕೇಳಿ ಬೆಳೆದ ಸಗೀರಾಳಿಗೆ ಅದು ಕನ್ನಡ ಅಲ್ಲ ಎಂದು ಹೊಳೆದೇ ಇರಲಿಲ್ಲ. ಬರೆದ ಮೇಲೆ ತಪ್ಪಿದೆಯೇನೋ ಎಂದು ಓದಿಸಿಯೂ ಇದ್ದಳು. ಓದಿಸಿದ್ದು ತನ್ನ ತಾಯಿಯಿಂದ, ತನ್ನ ಅಣ್ಣನಿಂದ.

"ಕಾಕಾ, ಎಳದ ಹೊರಗ ಹಾಕೂದಲ್ರೀ? ಅಷ್ಟೂ ಹೊಳೀಲಿಲ್ಲೇನು?"

"ಎಳದ್ರ ಮೀನ ಬರತೈತಿ. ಮೀನ ಬಂತಂದ್ರ ಎರಡನೇ ನೇಮ ಮುರದಂಗಾತು. ಅದಕ್ಕಂತ ಮೂರನೇದ್ದ ಬರದಾರ, ಶಾಣ್ಯಾರ ಇದ್ದಾರ ಸಮಿತಿಯವ್ರು ಅಂದ್ಕೊಂಡ್ನಿ."

ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು. ಹಗ್ಗ ಮತ್ತೆ ಸರಿಯಿತು.

"ಇಷ್ಟ ದಿನ ಗಾಳ ಕಚ್ಚಿದ ಮೀನು ಜೀವಂತ ಇರತೈತ್ರಿ?"

"ಮೀನು ಅಂತ ನಾ ಎಲ್ಲಿ ಅಂದ್ನಿ?" ಬಂದಗಿಸಾಬ ನೀರಿನ ಕಡೆ ನೋಡದೆ ಮಾತಾಡುತ್ತಿದ್ದ. "ಮೀನು ಜಗ್ಗೂದು ನನಗ ತಿಳೀತೈತಿ. ಮೀನು ಗಾಬರಿಲೆ ಜಗ್ಗತೈತಿ. ಇದು ಹಂಗಲ್ಲ. ಒಳಗ ಯಾರೋ ಕುಂತ, ಹಗ್ಗ ಕೈಯಾಗ ಹಿಡದ, ಈ ಕಡಿ ಯಾರರ ಅದಾರೇನು ಅಂತ ನೋಡಿದಂಗ ಜಗ್ಗತೈತಿ. ಎಮ್ಮಿ ನೀರಿಗಿ ಇಳೀವಲ್ವು. ನೀರಕಾಗಿ ಕುಂದ್ರವಲ್ದು. ನನ್ನ ಕೈ ನೋಡಿಲ್ಲಿ."

ಅಂಗೈ ಉದ್ದಕ್ಕೂ ಹಗ್ಗದ ಬರೆ, ಕೆಂಪಗೆ.

"ಮುಟ್ಟಿಲ್ಲವಾ ನಾ. ಅಲ್ಲಾನ ಆಣಿ, ಆ ದಿನದಿಂದ ಮುಟ್ಟಿಲ್ಲ. ನೇಮ ಅಂದ್ರ ನೇಮ. ಆದ್ರ ಇಲ್ಲಿ ಕುಂತ್ರ ಸಾಕು, ಕೈ ಉರೀತೈತಿ. ಅದು ಏನರ ಇರವಲ್ದ್ಯಾಕ, ಹಿಂಗ ಸಿಗಿಸಿ ಇಟ್ಕೊಂಡ ಕುಂದ್ರೂದು ಗುನ್ಹೆ. ನೀ ಬರದದ್ದು ನೀನ ಅಳಸು. ನಾ ಅದನ್ನ ಬಿಟ್ಟಬಿಡ್ತೇನಿ."

ಅಳಿಸುವುದು ಸುಲಭ. ಹಗ್ಗ ಕೊಯ್ದು, ಆ ಒಂದು ಶಬ್ದದ ಮೇಲೆ ಬಣ್ಣ ಬಳಿದರೆ ಆಯಿತು, ಯಾರಿಗೂ ತಿಳಿಯುವುದಿಲ್ಲ. ಆದರೆ ತನ್ನ ಶಬ್ದದಿಂದಾಗಿ ಕನ್ನಡ ದಂಡೆ ಮೊದಲ ದಿನದಿಂದ ಎರಡನೇ ನೇಮ ಮುರಿದೇ ಇತ್ತು. ನಾಳೆ ಆಚೆಯವರಿಗೆ ಹೇಗಾದರೂ ಗೊತ್ತಾದರೆ ಮುಚ್ಚಿಟ್ಟದ್ದೂ ಸೇರುತ್ತದೆ. ಈಗಲೇ ಹೇಳಿದರೆ? ಹೇಳಿದರೂ ಮೋಟಾರು ಹಚ್ಚಬಹುದು. ಎರಡರಲ್ಲಿ ಯಾವುದು ಸರಿ ಎಂದು ತಿಳಿಯಲಿಲ್ಲ. ಕಡೆಗೆ ಸುಳ್ಳು ಇಟ್ಟುಕೊಂಡು ಮಲಗಲಾರೆ ಎಂಬ ಒಂದೇ ಕಾರಣಕ್ಕೆ ಬಾಂದಾರ ಹತ್ತಿ ಆಚೆಗೆ ನಡೆದಳು. ಬಾಂದಾರದ ಮೇಲಿಂದ ಮಡು ಕಪ್ಪಗೆ ಕಾಣುತ್ತಿತ್ತು. ಆಕಾಶ ಬೆಳ್ಳಗಿತ್ತು, ಆದರೂ ನೀರಿನಲ್ಲಿ ಅದು ಕಾಣುತ್ತಿರಲಿಲ್ಲ.

ಆಚೆ ದಂಡೆಯ ಸಮಿತಿಗೆ ಬಸಂತರಾಯ ಹಿರಿಯ. ಕಬ್ಬಿನ ರೈತ. ತಾಯಿಯ ಊರಿನವನಾದ್ದರಿಂದ ಸಗೀರಾಳಿಗೆ ಮಾಮಾ. ಮನೆಯ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತವನು ಅವಳನ್ನು ಕಂಡದ್ದೇ ಎದ್ದು ನಿಂತ. ಎಲೆ ಕೈಯಿಂದ ಬಿತ್ತು.

"ಅಗ ಭಾಚೀ," ಅಂದ. ಸೋದರ ಸೊಸೆ ಎಂದು ಅವನು ಕರೆಯುವುದು ಹಾಗೆ. "ನೀ ಯಾಕ ಬಂದೀ ನನಗ ಮಾಹಿತಿ ಐತಿ."

"ಮಾಮಾ, ತಪ್ಪು ನಂದ..."

"ನಿಂದಲ್ಲ, ನಮ್ಮದ. ಬಾ, ತೋರಸ್ತೇನಿ. ಆದ್ರ ನಿಮ್ಮ ಮಂದಿ ಮುಂದ ಒದರಬ್ಯಾಡ. ಮೋಟಾರ ಹಚ್ಚಿಗಿಚ್ಚ್ಯಾರು."

ಅವಳಿಗೆ ಏನೂ ಅರ್ಥವಾಗಲಿಲ್ಲ. ಅವನ ಹಿಂದೆ ದಂಡೆಗೆ ಇಳಿದಳು. ಆಚೆ ದಂಡೆಯ ಬಂಡೆಯಲ್ಲಿ ಒಂದು ಹಳೆಯ ಕಬ್ಬಿಣದ ಬಳೆ ಇತ್ತು. ಬಾಂದಾರ ಆಗುವ ಮೊದಲು ಇಲ್ಲಿ ದೋಣಿ ಓಡಾಡುತ್ತಿದ್ದಾಗ, ಈ ದಂಡೆಯಿಂದ ಆ ದಂಡೆಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ಜಗ್ಗುತ್ತ ದೋಣಿ ದಾಟಿಸುತ್ತಿದ್ದರು. ಆ ಹಗ್ಗದ ಬಳೆ ಅದು. ಬಳೆಯ ಮೇಲೆ ಮುಳ್ಳಿನ ಕಂಟಿ ಹೊದಿಸಿತ್ತು. ಬಸಂತರಾಯ ಕಂಟಿ ಸರಿಸಿದ.

ಬಳೆಗೆ ನೀಲಿ ಹಗ್ಗ ಕಟ್ಟಿತ್ತು. ಬಿಗಿಯಾಗಿ ನೀರಿಗೆ ಇಳಿದಿತ್ತು. ಅದರ ಮೇಲೆ ಕೆಂಪು ಚಿಂದಿ. ಚಿಂದಿಯ ಮೇಲೆ ಸಣ್ಣ ಬಿಳಿ ಹೂವು.

"ಮೊದಲ ನಾ ಏನ ತಿಳಕೊಂಡ್ನಿ, ಕರ್ನಾಟಕದವ್ರು ಗಡಿ ಹದ್ದಿಗಿ ಹಗ್ಗ ಎಳದಾರ ಅಂತ," ಅಂದ ಬಸಂತರಾಯ. "ಆಮ್ಯಾಲ ಗಂಟು ನಮ್ಮ ದಂಡ್ಯಾಗ ಐತಲ್ಲ. ಅಂದ್ರ ನಮ್ಮಾವ ಯಾವನೋ ಕದ್ದ ಮೀನಕ್ಕ ಹಾಕ್ಯಾನ. ಕೇಳಿದ್ರ ಯಾರೂ ಒಪ್ಪವಲ್ರು. ನಿಮಗ ಗೊತ್ತಾದ್ರ ಕರಾರ ಮುರೀತೈತಂತ ಕಂಟಿ ಹಾಕಿ ಮುಚ್ಚೇನಿ. ಮುದುಕಾದೆ, ಕಳ್ಳನಂಗ ಮುಳ್ಳ ಹೊರಾಕತ್ತೇನಿ ನೋಡ."

"ಎಳದ ನೋಡ್ಲಿಲ್ಲೇನ್ರಿ?"

"ಒಂದ ಸಲ." ಅವನು ಅಂಗೈ ಬಿಚ್ಚಿ ತೋರಿಸಿದ. "ನಾ ಜಗ್ಗಿದೆ. ಅದೂ ಜಗ್ಗಿತು. ಸಾವಕಾಶ. ನಾ ಎಷ್ಟ ಜಗ್ಗಿದ್ನೋ ಅಷ್ಟ."

ಸಗೀರಾ ಆಗ ತನ್ನ ದಂಡೆಯ ಹಗ್ಗದ ವಿಷಯ ಹೇಳಿದಳು. ಗಾಳದ ವಿಷಯ, ಹೂಳಿನ ವಿಷಯ, ತನ್ನ ತಾಯಿಯ ಹೌದಿನ ವಿಷಯ. ಬಸಂತರಾಯ ಮೊದಲು ನಕ್ಕ. ಹಗ್ಗದ ಮೇಲಿನ ಚಿಂದಿ ಬಂದಗಿಸಾಬನ ಹೆಂಡತಿಯ ಸೀರೆಯದು, ಅವನ ಹಗ್ಗ ಮಡುವಿನ ಅರ್ಧಕ್ಕೂ ಮುಟ್ಟುವಷ್ಟು ಉದ್ದ ಇಲ್ಲ ಎಂದು ಹೇಳಿದಾಗ ನಗು ನಿಂತಿತು. ಇಬ್ಬರೂ ಒಂದು ಹೆಜ್ಜೆ ಹಿಂದೆ ಸರಿದರು.

"ದೋಣಿ ಇತ್ತಲ್ಲ," ಎಂದು ಬಸಂತರಾಯ ಬಳೆಯ ಕಡೆ ನೋಡುತ್ತ ಅಂದ, "ಅದು ಎರಡೂ ಊರಿಂದು, ಅರ್ಧಾ ಅರ್ಧಾ. ಬಾಂದಾರ ಆದ ಮ್ಯಾಲ ಅದರ ಹಲಗಿ ಯಾರ ಒಯ್ಯಬೇಕಂತ ಜಗಳ ಹತ್ತಿತು. ಒಂದ ಮುಂಜಾನಿ ನೋಡಿದ್ರ ದೋಣಿನ ಇಲ್ಲ. ನೀವು ಒಯ್ದೀರಿ ಅಂತ ನಾವು, ನಾವು ಒಯ್ದೇವಿ ಅಂತ ನೀವು. ಇವತ್ತಿಗೂ ಅದ ಮಾತ."

ಹಗ್ಗ ಅವರ ಮುಂದೆ ಸರಿಯಿತು. ಕಬ್ಬಿಣದ ಬಳೆ ಕಿರ್ ಎಂದಿತು.

ಎಳೆಯುವುದು ಬೇಡ, ಕೊಯ್ಯುವುದೂ ಬೇಡ, ಎರಡೂ ಗಂಟು ಬಿಚ್ಚಿಬಿಡೋಣ ಎಂದಳು ಸಗೀರಾ. ಬಸಂತರಾಯ ತಲೆ ಆಡಿಸಿದ. ಆದರೆ ಅವನಿಗೆ ಒಂದು ಅನುಮಾನ ಇತ್ತು.

"ನಾವು ಬಿಟ್ವಿ, ನೀವು ಬಿಡಲಿಲ್ಲ ಅಂದ್ರ ಅದು ನಿಮ್ಮ ದಂಡಿಗಿ ಬರತೈತಿ. ನೀವು ಬಿಟ್ರಿ, ನಾವು ಬಿಡಲಿಲ್ಲ ಅಂದ್ರ ನಮ್ಮ ದಂಡಿಗಿ. ಇದ ನೋಡ ಭಾಚೀ ಖರೇ ಕರಾರ. ಆ ಬೋರ್ಡಿಂದೇನೈತಿ?"

"ಒಮ್ಮಿಗೇ ಬಿಡೋಣ್ರಿ. ನಾ ಬಾಂದಾರದ ನಡುವ ನಿಂತ ಹೇಳ್ತೇನಿ."

"ಯಾವ ಭಾಷಾದಾಗ ಹೇಳ್ತಿ?"

ಅದು ಅವಳೂ ಯೋಚಿಸಿದ ಮಾತೇ. ಕನ್ನಡದಲ್ಲಿ ಬಿಡ್ರಿ ಎಂದರೆ ಆಚೆಯ ದಂಡೆ ಒಂದು ಉಸಿರು ತಡ ಮಾಡುತ್ತದೆ. ಮರಾಠಿಯಲ್ಲಿ ಸೋಡಾ ಎಂದರೆ ಈಚೆಯ ದಂಡೆ. ಆ ಒಂದು ಉಸಿರಿನಲ್ಲಿ ಏನಾಗುತ್ತದೋ.

"ದೋಣಿ ಕರೀತಿದ್ರಲ್ರಿ, ಹೋಯ್ ಅಂತ. ಹಂಗ ಒದರ್ತೇನಿ. ಕೇಳಿದ್ಕೂಡ್ಲೆ ನೀವೂ ಹೋಯ್ ಅನ್ರಿ, ಬಿಡ್ರಿ."

ಬಿಸಿಲು ಇಳಿಯುವ ಮೊದಲೇ ಮುಗಿಸಬೇಕೆಂದು ಅವಳು ಓಡುತ್ತ ಈಚೆಗೆ ಬಂದು ಬಂದಗಿಸಾಬನಿಗೆ ಹೇಳಿದಳು. ಅವನು ಟೊಪ್ಪಿಗೆ ಸರಿಮಾಡಿಕೊಂಡು, ಬಾಯಲ್ಲಿ ಏನೋ ಪಠಿಸುತ್ತ ಗಂಟಿನ ಮೇಲೆ ಕೈ ಇಟ್ಟ. ಅವಳು ಮತ್ತೆ ಬಾಂದಾರದ ನಡುವೆ ಹೋಗಿ ನಿಂತಳು. ಎಡಕ್ಕೆ ಜಾಲಿಗಿಡದ ಬುಡದಲ್ಲಿ ಬಂದಗಿಸಾಬ, ಬಲಕ್ಕೆ ಬಂಡೆಯ ಮೇಲೆ ಬಸಂತರಾಯ. ಇಬ್ಬರೂ ಬಾಗಿ ಕೂತಿದ್ದರು. ಇಲ್ಲಿಂದ ನೋಡಿದರೆ ಒಂದೇ ಹಗ್ಗ ಕಾಣುತ್ತಿತ್ತು, ದಂಡೆಯಿಂದ ದಂಡೆಗೆ. ನಡುವೆ ಮಾತ್ರ ನೀರಿನೊಳಗೆ ಇಳಿದು ಮತ್ತೆ ಮೇಲೆ ಬರುತ್ತಿತ್ತು.

ಒದರಲು ಬಾಯಿ ತೆರೆದಳು. ಇಬ್ಬರಲ್ಲಿ ಒಬ್ಬರು ಬಿಡದಿದ್ದರೆ? ತನ್ನ ಸಪ್ಪಳ ಒಬ್ಬರಿಗೆ ಮಾತ್ರ ಕೇಳಿಸಿದರೆ? ಇನ್ನೊಮ್ಮೆ ಇಬ್ಬರ ಹತ್ತಿರವೂ ಹೋಗಿ ಹೇಳಿ ಬರಬೇಕೆನ್ನಿಸಿತು. ಬೀಗ ಜಗ್ಗಿ ನೋಡುವ ಹಾಗೆ. ಹೋಗಲಿಲ್ಲ.

"ಹೋ...ಯ್!"

"ಹೋಯ್!" ಎಡದಿಂದ ಬಂತು.

"ಹೋಯ್!" ಬಲದಿಂದ ಬಂತು.

ಅದಾದ ಮೇಲೆ ಅವಳ ಕಾಲ ಕೆಳಗಿನಿಂದ, ನೀರಿನ ಕಡೆಯಿಂದ, ದೋಣಿ ಇನ್ನೂ ದೂರ ಇದೆ, ತಡೀರಿ ಎನ್ನುವವರ ಹಾಗೆ, ಸಾವಕಾಶವಾಗಿ:

"ಹೋ...ಯ್."

ಬಾಂದಾರದ ಗೋಡೆಗೆ ದನಿ ಬಡಿದು ತಿರುಗಿ ಬಂದಿರಬಹುದು. ಆದರೆ ಹುಡುಗಿಯಾಗಿದ್ದಾಗ ಅವಳು ಇದೇ ಬಾಂದಾರದ ಮೇಲೆ ನಿಂತು ಎಷ್ಟೋ ಸಲ ಒದರಿದ್ದಳು. ಯಾವತ್ತೂ ತಿರುಗಿ ಬಂದಿರಲಿಲ್ಲ.

ಎರಡೂ ಗಂಟು ಬಿಚ್ಚಿದವು. ಹಗ್ಗದ ತುದಿಗಳು ಛಟ್ಟನೆ ಹಾರಬೇಕಿತ್ತು, ಹಾರಲಿಲ್ಲ. ಯಾರೋ ಕೈಮೇಲೆ ಕೈ ಇಟ್ಟು ಸುತ್ತಿಕೊಳ್ಳುತ್ತಿರುವ ಹಾಗೆ, ತುಸು ಜಗ್ಗಿ, ತುಸು ನಿಂತು, ಎರಡೂ ಕಡೆಯಿಂದ ಒಂದೇ ಲೆಕ್ಕಕ್ಕೆ ನೀರಿಗೆ ಹೋದವು. ಕೆಂಪು ಚಿಂದಿಗಳು ಒಂದೊಂದಾಗಿ ಮುಳುಗಿದವು. ಕಡೆಯ ಚಿಂದಿ ಮುಳುಗಿದ ಮೇಲೆ, ಮಡುವಿನ ಸುತ್ತ ಎಲ್ಲ ಕಲ್ಲಿಗೂ ಒಮ್ಮೆಗೇ ಒಂದು ಒದ್ದೆ ಪಟ್ಟಿ ಮೂಡಿತು. ನೀರು ಸುಣ್ಣದ ಗೆರೆಯಿಂದ ಬೆರಳಷ್ಟು ಕೆಳಗೆ ಇಳಿದಿತ್ತು. ಹೌದಿನಲ್ಲಿ ಮುಳುಗಿಸಿಟ್ಟ ಕೊಡವನ್ನು ಎತ್ತಿದ ಮೇಲೆ ಇಳಿಯುತ್ತದಲ್ಲ, ಹಾಗೆ.

ಹೊರಗೆ ಬಂದದ್ದೇನೂ ಕಾಣಲಿಲ್ಲ. ಎಡದಲ್ಲಿ ಬಂದಗಿಸಾಬ ಒಬ್ಬನೇ ಇದ್ದ, ಬಲದಲ್ಲಿ ಬಸಂತರಾಯ ಒಬ್ಬನೇ ಇದ್ದ. ಇಬ್ಬರೂ ತಮ್ಮ ಸುತ್ತ ನೋಡಿಕೊಂಡರು, ಆಮೇಲೆ ಅವಳ ಕಡೆ ನೋಡಿದರು. ಅವಳ ಕಡೆ ನೋಡಿದವರು ಹಾಗೇ ನೋಡುತ್ತ ನಿಂತರು. ಸಗೀರಾ ಹಿಂದೆ ತಿರುಗಲಿಲ್ಲ. ಅಲ್ಲಿಂದ ಕಾಲು ಕೀಳಲೂ ಆಗಲಿಲ್ಲ. ಕಡೆಗೆ ಇಬ್ಬರೂ ಮುದುಕರು ಎರಡೂ ಕಡೆಯಿಂದ ಬಾಂದಾರದ ಮೇಲೆ ನಡೆದು ಬಂದು, ಅವಳ ಒಂದೊಂದು ಕೈ ಹಿಡಿದು ನಡುವೆ ಇಟ್ಟುಕೊಂಡು ಇಳಿಸಿದರು. ಏನು ನೋಡಿದಿರಿ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮುಂದಿನ ಸಭೆಯಲ್ಲಿ ಅವಳು ಎಲ್ಲವನ್ನೂ ಎರಡೂ ಭಾಷೆಯಲ್ಲಿ ಹೇಳಿದಳು, ತನ್ನ ಶಬ್ದದ ತಪ್ಪನ್ನು ಮೊದಲು. ಬಸಂತರಾಯ ತನ್ನ ಕಂಟಿಯ ವಿಷಯ ಹೇಳಿದ. ನೇಮ ಮುರಿದರೆಂದು ಯಾರು ಯಾರನ್ನು ಬೈಯಬೇಕು? ಯಾವನೋ ಒಬ್ಬ, ಹಿಂಗಾದ ಮ್ಯಾಲ ಮೋಟಾರ ಹಚ್ಚೋದ ಚಲೋ ಅಂದ. ಫುಟ್‌ವಾಲ್ವ್ ಬಿಡಾಕ ನೀರಾಗ ನೀ ಇಳೀತಿಯೇನು ಎಂದು ಇನ್ನೊಬ್ಬ ಕೇಳಿದ. ಆ ಮಾತು ಅಲ್ಲಿಗೇ ಮುಗಿಯಿತು. ಮುಂಗಾರಿನ ಮಿರಗದ ಮಳೆ ಬರುವವರೆಗೂ ನೀರು ಆ ಬೆರಳಷ್ಟರ ಕೆಳಗೆ ಇಳಿಯಲಿಲ್ಲ, ಎರಡೂ ಊರಿನ ಬಾವಿಗಳಲ್ಲಿ ಕೊಡ ಮುಳುಗುತ್ತಲೇ ಇತ್ತು.

ಸಭೆಯ ಮರುದಿನ ಮುಂಜಾನೆ ಸಗೀರಾ ಬಣ್ಣದ ಡಬ್ಬಿ, ಬ್ರಶ್ ಹಿಡಿದು ಬೋರ್ಡಿನ ಹತ್ತಿರ ಬಂದಳು. ಬಂದಗಿಸಾಬ ಜಾಲಿಯ ನೆರಳಲ್ಲಿ ರೊಟ್ಟಿ ತಿನ್ನುತ್ತಿದ್ದ. ಅಂಗೈಯ ಬರೆ ಮಾಸಿತ್ತು, ಮುಖಕ್ಕೆ ಕಳೆ ಬಂದಿತ್ತು. ಗಾಳ ಎಂಬ ಶಬ್ದದ ಮೇಲೆ ಬಿಳಿ ಬಳಿದು, ಒಣಗುವವರೆಗೆ ಕಾದು, ಇಂಡಿ ಪಟ್ಟಣದ ಕನ್ನಡ ಮೇಷ್ಟ್ರೊಬ್ಬರಿಗೆ ಫೋನ್ ಮಾಡಿ ಕೇಳಿ ಖಾತ್ರಿ ಮಾಡಿಕೊಂಡು, ಸರಿಯಾದ ಶಬ್ದ ಬರೆದಳು. ಹಿಂದೆ ಸರಿದು ಓದಿದಳು. ಮತ್ತೊಮ್ಮೆ ಓದಿದಳು.

"ಓದ್ರಿ ಕಾಕಾ. ಈಗ ಏನ ತಿಳೀತೈತಿ ಹೇಳ್ರಿ."

ಬಂದಗಿಸಾಬ ಎದ್ದು ಬಂದು, ಬೆರಳು ಇಟ್ಟು, ಅಕ್ಷರ ಕೂಡಿಸಿ ಓದಿದ. "ಮಡುವಿನೊಳಗಿನ... ಹೂಳು... ಯಾರೂ... ತೆಗೆಯಬಾರದು."

ತಲೆ ಆಡಿಸಿದ.

"ಹೂಳಿದ್ದನ್ನ ತಗೀಬಾರದು ಅಂತಲ್ಲ? ಹಾಂ. ಈಗ ಸರಿ ಬರದಿ ನೋಡವಾ," ಅಂದ.